ಒಂದು ಬೋರ್ಡಿನಿಂದ 25 ಬೋರ್ಡಿಗೆ: ತೋಟದ ಪಂಪ್ ಕಂಟ್ರೋಲರ್ ಮಾಡುವವರಿಗೆ

ಪ್ರಶ್ನೆ: ನಮಸ್ಕಾರ ಸರ್. ನನ್ನ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಐಟಿಐ ಓದಿದ್ದೇನೆ. ನಮ್ಮ ಅಡಿಕೆ ತೋಟದ ಪಂಪಿಗೆ ಒಂದು ಕಂಟ್ರೋಲರ್ ಮಾಡಿದ್ದೇನೆ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬೀಳುವ ಟ್ಯಾಂಕ್ ತುಂಬಿದಾಗ 1.5 ಎಚ್‌ಪಿ ಮೋಟಾರು ತಾನಾಗಿ ಚಾಲೂ ಆಗುತ್ತದೆ. ಖಾಲಿಯಾದಾಗ ನಿಲ್ಲುತ್ತದೆ. ವೋಲ್ಟೇಜ್ ಕಮ್ಮಿ ಇದ್ದರೆ ಶುರುವಾಗುವುದಿಲ್ಲ. ಒಳಗೆ ಇರುವುದು ಆರ್ಡುಯಿನೋ ನ್ಯಾನೋ (ಪ್ರೋಗ್ರಾಮ್ ಹಾಕುವ ಪುಟ್ಟ ಬೋರ್ಡು), 12 ವೋಲ್ಟ್ ಟ್ರಾನ್ಸ್‌ಫಾರ್ಮರ್, 5 ವೋಲ್ಟ್ ಕೊಡುವ 7805 ಐಸಿ, ಒಂದು 12 ವೋಲ್ಟ್ ರಿಲೇ (ಕರೆಂಟಿನಿಂದ ಓಡುವ ಸ್ವಿಚ್). ಮೋಟಾರು ನೇರ ಆ ರಿಲೇ ಮೇಲೆಯೇ ಓಡುತ್ತದೆ. ಪ್ರಿಂಟಿನ ಟೋನರನ್ನು ಇಸ್ತ್ರಿ ಪೆಟ್ಟಿಗೆಯಿಂದ ತಾಮ್ರಕ್ಕೆ ಅಂಟಿಸಿ, ಬೇಡದ ತಾಮ್ರವನ್ನು ಫೆರಿಕ್ ಕ್ಲೋರೈಡಿನಲ್ಲಿ ಕರಗಿಸಿದ (ಎಚ್ ಮಾಡಿದ) ಬೋರ್ಡು. ಎಂಟು ತಿಂಗಳಿಂದ ತೊಂದರೆ ಇಲ್ಲ. ಈಗ ನೆರೆಕರೆಯವರು, ಒಬ್ಬರು ಪಂಪ್ ಅಂಗಡಿಯವರು ಸೇರಿ 25 ಕೇಳುತ್ತಿದ್ದಾರೆ. ಮನೆಯಲ್ಲೇ ಎಚ್ ಮಾಡಲೇ, ಹೊರಗೆ ಮಾಡಿಸಲೇ? ಏನೇನು ಬದಲಿಸಬೇಕು?

ಉತ್ತರ: ಮೊದಲು ನಿಮಗೆ ಅಭಿನಂದನೆ. ಎಂಟು ತಿಂಗಳು, ಅದರಲ್ಲೂ ಒಂದು ಮಳೆಗಾಲ ದಾಟಿ ಓಡಿದೆ ಅಂದರೆ ನಿಮ್ಮ ಯೋಚನೆ ಸರಿ ಇದೆ. ಕೈಯಲ್ಲಿ ಮಾಡಿದ ಬೋರ್ಡುಗಳಲ್ಲಿ ಹೆಚ್ಚಿನವು ಮೊದಲ ಜೂನ್ ತಿಂಗಳಿಗೇ ಹಸಿರು ಕಟ್ಟುತ್ತವೆ.

ಎಚ್ಚಿಂಗ್ ಪ್ರಶ್ನೆಗೆ ಉತ್ತರ ಸುಲಭ: ಹೊರಗೆ ಮಾಡಿಸಿ. ನಿಮ್ಮ ಬೋರ್ಡಿನಲ್ಲಿ ಸುಮಾರು 140 ತೂತು ಇರಬಹುದು. 25 ಬೋರ್ಡಿಗೆ 3,500 ತೂತು ಕೈ ಡ್ರಿಲ್ಲಿನಲ್ಲಿ ಕೊರೆಯಬೇಕು. ಅಷ್ಟು ಮಾಡಿದರೂ ತೂತಿನ ಒಳಗೆ ತಾಮ್ರ ಇರುವುದಿಲ್ಲ, ಮೇಲೆ ತಾಮ್ರ ಕಾಯುವ ಹಸಿರು ಮಾಸ್ಕ್ ಪದರ ಇರುವುದಿಲ್ಲ. ಟರ್ಮಿನಲ್ ಸ್ಕ್ರೂ ನಾಲ್ಕು ಸಲ ತಿರುಗಿಸಿದರೆ ಪ್ಯಾಡ್ (ಬೆಸುಗೆ ಹಾಕುವ ತಾಮ್ರದ ಚುಕ್ಕೆ) ಎದ್ದು ಬರುತ್ತದೆ. ಕಾರ್ಖಾನೆಯಿಂದ ಬರುವ ಬೋರ್ಡಿನಲ್ಲಿ ತೂತಿನ ಒಳಗೋಡೆಗೂ ತಾಮ್ರ ಹತ್ತಿರುತ್ತದೆ. ಬೆಸುಗೆ ಎರಡೂ ಬದಿ ಹಿಡಿಯುತ್ತದೆ.

ಇನ್ನೊಂದು ಕಾರಣವೂ ಇದೆ. ಉಳಿದ ಫೆರಿಕ್ ಕ್ಲೋರೈಡನ್ನು ಎಲ್ಲಿ ಚೆಲ್ಲಿದಿರಿ? ಅದರಲ್ಲಿ ಕರಗಿದ ತಾಮ್ರ ಇರುತ್ತದೆ. ನಮ್ಮಲ್ಲಿ ಕುಡಿಯುವ ನೀರು ಬಾವಿಯದ್ದು, ಸುರಂಗದ್ದು. ಎಂಡೋಸಲ್ಫಾನಿನಿಂದ ನೊಂದ ಊರಿನವರು ನಾವು, ಮಣ್ಣಿಗೆ ಏನು ಹಾಕುತ್ತೇವೆ ಎಂಬುದನ್ನು ಹಗುರವಾಗಿ ತಗೊಳ್ಳಬಾರದು. ಬಾಟಲಿಯಲ್ಲಿ ಉಳಿದಿದ್ದರೆ ಪ್ಲಾಸ್ಟಿಕ್ ಬಕೆಟಿಗೆ ಹಾಕಿ, ಬಯಲಿನಲ್ಲಿ ನಿಂತು, ವಾಷಿಂಗ್ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಹೋಗಿ. ನೊರೆ ಬರುವುದು ನಿಂತ ಮೇಲೆ ತಾಮ್ರ ಮತ್ತು ಕಬ್ಬಿಣ ಕೆಸರಾಗಿ ತಳಕ್ಕೆ ಇಳಿಯುತ್ತವೆ. ಆ ಕೆಸರನ್ನು ಒಣಗಿಸಿ ಬೇರೆಯಾಗಿ ಕಟ್ಟಿಡಿ. ತೋಟಕ್ಕೆ, ತೋಡಿಗೆ ಬೇಡ.

ಇನ್ನು ಮುಖ್ಯ ವಿಷಯ. ನಿಮ್ಮ ಬೋರ್ಡು ಎಂಟು ತಿಂಗಳು ಓಡಿದ್ದಕ್ಕೆ ಒಂದು ಕಾರಣ ನೀವೇ. ಏನಾದರೂ ಸದ್ದು ಬಂದರೆ ನೀವು ಓಡಿ ಹೋಗಿ ನೋಡುತ್ತೀರಿ. ಯಾವ ವಯರ್ ಮುಟ್ಟಬಾರದು ಅಂತ ನಿಮಗೆ ಗೊತ್ತು. ಉಳಿದ 25 ಪಂಪ್‌ಶೆಡ್‌ಗಳಲ್ಲಿ ನೀವು ಇರುವುದಿಲ್ಲ. ಅಲ್ಲಿ ಒದ್ದೆ ಕೈಯಲ್ಲಿ ಪೆಟ್ಟಿಗೆ ತೆರೆಯುವ ಅಜ್ಜ ಇರುತ್ತಾರೆ. ಟ್ಯಾಂಕಿನಲ್ಲಿ ಮಕ್ಕಳು ಕೈಕಾಲು ತೊಳೆಯುತ್ತಾರೆ. ಹಾಗಾಗಿ ಈಗಿನ ಬೋರ್ಡನ್ನೇ 25 ಸಲ ನಕಲು ಮಾಡುವುದು ಬೇಡ. ಸರ್ಕ್ಯೂಟಿನಲ್ಲೇ ಕೆಲವು ಬದಲಾವಣೆ ಆಗಬೇಕು.

ಮೊದಲನೆಯದಾಗಿ ಮೋಟಾರಿನ ಕರೆಂಟು ನಿಮ್ಮ ಬೋರ್ಡಿನ ಒಳಗೆ ಹರಿಯುವುದೇ ಬೇಡ. 1.5 ಎಚ್‌ಪಿ ಸಿಂಗಲ್ ಫೇಸ್ ಪಂಪ್ ಓಡುವಾಗ ಸುಮಾರು 9–10 ಆಂಪ್ಸ್ ಎಳೆಯುತ್ತದೆ. ಶುರುವಾಗುವ ಕ್ಷಣ ಅದರ ಐದಾರು ಪಟ್ಟು. 10 ಆಂಪ್ಸ್ ಅಂತ ಬರೆದ ಚಿಕ್ಕ ನೀಲಿ ರಿಲೇ ಇದಕ್ಕೆ ಆಗುವುದಿಲ್ಲ. ಒಳಗೆ ಕೂಡಿ ಬಿಡುವ ಲೋಹದ ಕಾಂಟ್ಯಾಕ್ಟ್ ಒಂದು ದಿನ ಬೆಸೆದುಕೊಳ್ಳುತ್ತದೆ. ಆಮೇಲೆ ಪ್ರೋಗ್ರಾಮ್ ಎಷ್ಟೇ ‘ನಿಲ್ಲಿಸು’ ಅಂದರೂ ಮೋಟಾರು ನಿಲ್ಲದು, ನೀರಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಟ್ರ್ಯಾಕಿನ (ಬೋರ್ಡಿನ ತಾಮ್ರದ ಗೆರೆಯ) ಲೆಕ್ಕ ಹಾಕಿದರೂ ಅಷ್ಟೇ. ಸಾಮಾನ್ಯ 35 ಮೈಕ್ರಾನ್ ತಾಮ್ರದಲ್ಲಿ 10 ಆಂಪ್ಸ್ ಹರಿಸಿ, ಬಿಸಿ 10 ಡಿಗ್ರಿಗಿಂತ ಜಾಸ್ತಿ ಏರದಂತೆ ನೋಡಬೇಕಾದರೆ ಟ್ರ್ಯಾಕ್ 7 ಮಿ.ಮೀ. ಅಗಲ ಬೇಕು. ಅದರ ಬದಲು ಹೊರಗೆ ಒಂದು ಕಾಂಟ್ಯಾಕ್ಟರ್ (ಮೋಟಾರಿಗೆ ಆಗುವ ದೊಡ್ಡ ರಿಲೇ) ಮತ್ತು ಕರೆಂಟು ಮಿತಿ ಮೀರಿದರೆ ಕಡಿಯುವ ಓವರ್‌ಲೋಡ್ ಇಡಿ. ನಿಮ್ಮ ರಿಲೇ ಕಾಂಟ್ಯಾಕ್ಟರಿನ ಕಾಯಿಲ್ (ಅದನ್ನು ಎಳೆಯುವ ಆಯಸ್ಕಾಂತದ ಸುರುಳಿ) ಒಂದನ್ನೇ ಆನ್ ಮಾಡಲಿ. ಎಲೆಕ್ಟ್ರಿಷಿಯನ್‌ಗಳಿಗೂ ಇದು ಪರಿಚಯದ ಜೋಡಣೆ. ಕಾಂಟ್ಯಾಕ್ಟರ್ ಕೆಟ್ಟರೆ ಅವರೇ ಬದಲಿಸುತ್ತಾರೆ, ನಿಮ್ಮನ್ನು ಕರೆಯುವುದಿಲ್ಲ.

ಎರಡನೆಯದು ಜೀವದ ವಿಷಯ. ದಯವಿಟ್ಟು ಇದನ್ನು ಎರಡು ಸಲ ಓದಿ. ನಿಮ್ಮ ಬೋರ್ಡಿನ 5 ವೋಲ್ಟ್ ಬದಿಯಿಂದ ಹೊರಟ ಸೆನ್ಸರ್ ವಯರ್ ಟ್ಯಾಂಕಿನ ನೀರಿನಲ್ಲಿ ಮುಳುಗಿರಬೇಕು. ಅದೇ ಬೋರ್ಡಿನಲ್ಲಿ 230 ವೋಲ್ಟ್ ಕೂಡ ಇದೆ. ಇವೆರಡರ ನಡುವಿನ ಗಡಿ ಮುರಿದರೆ ಕರೆಂಟು ನೇರ ನೀರಿಗೆ. ಆ ನೀಲಿ ರಿಲೇಯನ್ನು ತಿರುಗಿಸಿ ನೋಡಿ. ಕಾಯಿಲಿನ ಎರಡು ಕಾಲುಗಳ ನಡುವೆಯೇ ಕಾಂಟ್ಯಾಕ್ಟಿನ ಕಾಮನ್ ಕಾಲು ಬರುತ್ತದೆ. ಅಂದರೆ 230 ವೋಲ್ಟ್ ಬಂದು ನಿಲ್ಲುವುದು 5 ವೋಲ್ಟಿನ ಮಡಿಲಲ್ಲಿ. ಒಣ ಕೋಣೆಯಲ್ಲಿ ಏನೋ ನಡೆದೀತು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬರುವ ನಮ್ಮ ಕಡೆಯ ಪಂಪ್‌ಶೆಡ್ಡಿನಲ್ಲಿ ಬೋರ್ಡಿನ ಮೇಲೆ ತೇವ ಕಟ್ಟುತ್ತದೆ. ಇರುವೆ ಗೂಡು ಮಾಡುತ್ತದೆ, ಹಲ್ಲಿ ಅಡ್ಡ ಬಿದ್ದು ಸಾಯುತ್ತದೆ. ಆದ್ದರಿಂದ ಕಾಯಿಲ್ ಕಾಲುಗಳು ಒಂದು ತುದಿಗೆ, ಕಾಂಟ್ಯಾಕ್ಟ್ ಕಾಲುಗಳು ಇನ್ನೊಂದು ತುದಿಗೆ ಇರುವ ಉದ್ದನೆಯ ರಿಲೇ ತಗೊಳ್ಳಿ. ಎರಡು ಬದಿಗಳ ತಾಮ್ರದ ನಡುವೆ ಕನಿಷ್ಠ 8 ಮಿ.ಮೀ. ಖಾಲಿ ಬಿಡಿ. ಆ ಗಡಿಯಲ್ಲಿ ಬೋರ್ಡಿಗೆ 1.5 ಅಥವಾ 2 ಮಿ.ಮೀ. ಅಗಲದ ಸೀಳು ಹಾಕಿಸಿ. ಡಿಸೈನಿನಲ್ಲಿ ಅಂಚಿನ ಗೆರೆ ಎಳೆದ ಹಾಗೆ ಇದನ್ನೂ ಎಳೆದರೆ ಆಯಿತು. ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಪ್ರೈಮರಿ, ಸೆಕೆಂಡರಿ ಸುತ್ತುಗಳು ಒಂದರ ಮೇಲೊಂದು ಇಲ್ಲದೆ, ಬಾಬಿನ್ನಿನಲ್ಲಿ ಬೇರೆ ಬೇರೆ ಖಾನೆಗಳಲ್ಲಿ ಇರುವುದನ್ನೇ ಕೇಳಿ. ಫ್ಯೂಸ್ ಬೋರ್ಡಿನ ಮೇಲೆಯೇ ಇರಲಿ, ಹೋಲ್ಡರಿನಲ್ಲಿ, ಮುಚ್ಚಳ ಹಾಕಿ. ಪಂಪಿನ ಲೈನಿಗೆ, ಕರೆಂಟು ಸೋರಿದರೆ ಕಡಿಯುವ ಇಎಲ್‌ಸಿಬಿ ಇದೆಯೇ ಅಂತ ನೋಡದೆ ಯಾರ ಮನೆಯಲ್ಲೂ ಜೋಡಿಸಬೇಡಿ.

ಈಗ ವೋಲ್ಟೇಜಿಗೆ ಬರೋಣ. ಮಾರ್ಚ್, ಏಪ್ರಿಲಿನಲ್ಲಿ ಎಲ್ಲರೂ ಸ್ಪ್ರಿಂಕ್ಲರ್ ಬಿಟ್ಟಾಗ ಕರೆಂಟು ಹೇಗೆ ಕುಸಿಯುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. 230 ವೋಲ್ಟಿಗೆ 12 ಕೊಡುವ ಟ್ರಾನ್ಸ್‌ಫಾರ್ಮರ್ 160 ವೋಲ್ಟಿಗೆ 8.3 ಕೊಡುತ್ತದೆ. ಎಸಿಯನ್ನು ಡಿಸಿ ಮಾಡುವ ಬ್ರಿಜ್ ದಾಟಿದ ಮೇಲೆ ಕೆಪ್ಯಾಸಿಟರಿನಲ್ಲಿ ಹತ್ತರ ಹತ್ತಿರ ಡಿಸಿ ಸಿಗುತ್ತದೆ. 12 ವೋಲ್ಟ್ ರಿಲೇ ಎಳೆಯಲು ಸಾಮಾನ್ಯವಾಗಿ 9 ವೋಲ್ಟ್ ಬೇಕು. ಮೋಟಾರು ಶುರುವಾದ ಕ್ಷಣ ಲೈನ್ ಇನ್ನೂ ಕುಸಿಯುತ್ತದೆ. ರಿಲೇ ಬಿಡುತ್ತದೆ, ಮೋಟಾರು ನಿಂತು ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಟಕಟಕ ಅಂತ ಬಡಿದು ಕಾಂಟ್ಯಾಕ್ಟರ್ ಹಾಳಾಗುತ್ತದೆ. ಇದಕ್ಕೆ ಒಳ್ಳೆಯ ದಾರಿ 5 ವೋಲ್ಟ್ ಕಾಯಿಲಿನ ರಿಲೇ ಹಾಕಿ 7805ರಿಂದಲೇ ಓಡಿಸುವುದು. 7805ಕ್ಕೆ ಒಳಗೆ 7 ವೋಲ್ಟ್ ಚಿಲ್ಲರೆ ಇದ್ದರೂ ಸಾಕು. ಆದರೆ ಅದು ಬಿಸಿಯಾಗುತ್ತದೆ. ರಾತ್ರಿ ಲೈನ್ 250ಕ್ಕೆ ಏರಿದಾಗ ಡಿಸಿ 19ರ ಸುಮಾರಿಗೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ರಿಲೇ, ಚಿಪ್ ಸೇರಿ 0.1 ಆಂಪ್ಸ್ ಎಳೆದರೆ 7805ರಲ್ಲಿ 1.4 ವಾಟ್ ಬಿಸಿಯಾಗಿ ಹೋಗುತ್ತದೆ. ಹೀಟ್‌ಸಿಂಕ್ ಇಲ್ಲದೆ ಅದು 90 ಡಿಗ್ರಿಯಷ್ಟು ಏರಬಲ್ಲದು. ಸಣ್ಣ ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ಜಾಗ ಬಿಡಿ. ಅದರ ಪಕ್ಕದಲ್ಲೇ ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರ್ ಇಡಬೇಡಿ, ಬೇಗ ಒಣಗುತ್ತದೆ. 25 ವೋಲ್ಟಿನ ಕೆಪ್ಯಾಸಿಟರ್ ಇದ್ದರೆ 35ರದ್ದು ಹಾಕಿ, ಮೇಲೆ 105 ಡಿಗ್ರಿ ಅಂತ ಬರೆದಿರುವುದನ್ನು ಕೊಳ್ಳಿ. ಎರಡು ರೂಪಾಯಿ ಉಳಿಸಲು 85 ಡಿಗ್ರಿಯದ್ದು ತರಬೇಡಿ.

ಎಸ್‌ಎಂಪಿಎಸ್ ಮಾಡ್ಯೂಲ್ (ಮೊಬೈಲ್ ಚಾರ್ಜರ್ ತರಹದ ಸಪ್ಲೈ) ಹಾಕಬಾರದೇ ಅಂತ ನೀವು ಕೇಳಬಹುದು. ಹಾಕಬಹುದು, ಕಮ್ಮಿ ವೋಲ್ಟೇಜಿಗೆ ಅದು ಜಗ್ಗುವುದಿಲ್ಲ. ಆದರೂ ನಾನು ನಿಮ್ಮ ಜಾಗದಲ್ಲಿದ್ದರೆ ಟ್ರಾನ್ಸ್‌ಫಾರ್ಮರನ್ನೇ ಇಟ್ಟುಕೊಳ್ಳುತ್ತಿದ್ದೆ. 7805ರ ಹಿಂದಿನ ಡಿಸಿ ಲೈನ್ ವೋಲ್ಟೇಜಿನ ಜೊತೆಗೇ ಏರಿಳಿಯುತ್ತದೆ. ಎರಡು ರೆಸಿಸ್ಟರ್ ಹಾಕಿ ಅದನ್ನೇ ಅಳೆದರೆ ಲೈನ್ ಎಷ್ಟಿದೆ ಅಂತ ಗೊತ್ತಾಗುತ್ತದೆ. ನೀವೂ ಹೀಗೇ ಮಾಡಿದ್ದೀರಿ ಅನ್ನಿಸುತ್ತದೆ.

ಇಲ್ಲೇ ಒಂದು ಹೊಂಡ ಇದೆ. ಅದು ಒಂದು ಬೋರ್ಡು ಮಾಡುವಾಗ ಕಾಣುವುದೇ ಇಲ್ಲ. ನಿಮ್ಮ ಪ್ರೋಗ್ರಾಮಿನಲ್ಲಿ ‘ಇಷ್ಟು ಓದಿದರೆ 180 ವೋಲ್ಟ್’ ಅಂತ ಒಂದು ಸಂಖ್ಯೆ ಬರೆದಿರುತ್ತೀರಿ. ಅದು ನಿಮ್ಮ ಆ ಒಂದು ಟ್ರಾನ್ಸ್‌ಫಾರ್ಮರಿನ ಸಂಖ್ಯೆ. 25 ತಂದರೆ 25ಕ್ಕೂ ಸುತ್ತು ಸ್ವಲ್ಪ ಬೇರೆ ಇರುತ್ತದೆ, ರೆಸಿಸ್ಟರೂ ಬೇರೆ. ಒಂದೇ ಸಂಖ್ಯೆ ಹಾಕಿದರೆ ಒಬ್ಬರ ಪಂಪ್ 170ಕ್ಕೂ ಶುರುವಾಗುತ್ತದೆ, ಇನ್ನೊಬ್ಬರದ್ದು 215 ಇದ್ದರೂ ಏಳುವುದಿಲ್ಲ. ಆದ್ದರಿಂದ ಪ್ರತಿ ಬೋರ್ಡನ್ನೂ, ವೋಲ್ಟೇಜ್ ಏರಿಳಿಸುವ ಡಿಮ್ಮರ್‌ಸ್ಟ್ಯಾಟಿಗೆ ಹಾಕಿ, ಮೀಟರಿನಲ್ಲಿ ಸರಿಯಾಗಿ 200 ತೋರಿಸುವಾಗ ಒಂದು ಬಟನ್ ಒತ್ತಿದರೆ ಆ ಓದು ಇಇಪ್ರಾಮಿನಲ್ಲಿ (ಕರೆಂಟು ಹೋದರೂ ಅಳಿಯದ ಚಿಪ್ಪಿನ ನೆನಪು) ಉಳಿಯುವಂತೆ ಪ್ರೋಗ್ರಾಮ್ ಬರೆಯಿರಿ. ಕಾಂಟ್ಯಾಕ್ಟರ್ ಕಾಯಿಲ್ ಸಾಮಾನ್ಯವಾಗಿ ತನ್ನ ವೋಲ್ಟೇಜಿನ ಶೇ. 85ಕ್ಕೆ, ಅಂದರೆ 195ರ ಸುಮಾರಿಗೆ ಗಟ್ಟಿಯಾಗಿ ಎಳೆಯುತ್ತದೆ. ಹಾಗಾಗಿ ಶುರು ಮಾಡುವ ಮಿತಿ 200 ಇರಲಿ. ಓಡುತ್ತಿರುವಾಗ 170ಕ್ಕಿಂತ ಕೆಳಗೆ ಐದು ಸೆಕೆಂಡು ನಿಂತರೆ ಮಾತ್ರ ನಿಲ್ಲಿಸಿ. ಎರಡು ಮಿತಿಗಳ ನಡುವೆ ಅಂತರ ಇಲ್ಲದಿದ್ದರೆ ಮತ್ತೆ ಅದೇ ಟಕಟಕ.

ನ್ಯಾನೋ ವಿಷಯ ಚಿಕ್ಕದು. 25ಕ್ಕೆ ನ್ಯಾನೋ ತರುವ ಬದಲು ಅದರಲ್ಲೇ ಇರುವ ಎಟಿಮೆಗಾ328ಪಿ ಚಿಪ್ಪನ್ನೇ, 28 ಕಾಲಿನ ಉದ್ದನೆಯ ನಮೂನೆಯಲ್ಲಿ, ಬೋರ್ಡಿಗೆ ಕೂರಿಸಿ. ಕೈಬೆಸುಗೆಗೆ ಸುಲಭ. 16 ಮೆಗಾಹರ್ಟ್ಸ್ ಕ್ರಿಸ್ಟಲ್, ಎರಡು 22 ಪಿಕೋಫ್ಯಾರಡ್, ಪ್ರತಿ ಸಪ್ಲೈ ಕಾಲಿನ ಬುಡದಲ್ಲೇ ಒಂದು 0.1 ಮೈಕ್ರೋಫ್ಯಾರಡ್, ರೀಸೆಟ್ಟಿಗೆ 10 ಕಿಲೋ ಓಂ, ಪ್ರೋಗ್ರಾಮ್ ತುಂಬಲು ಆರು ಪಿನ್ನಿನ ಹೆಡರ್, ಇಷ್ಟೇ. ಬ್ರೌನ್‌ಔಟ್ ಮಿತಿಯನ್ನು (ಚಿಪ್ ತಾನಾಗಿ ರೀಸೆಟ್ ಆಗುವ ವೋಲ್ಟೇಜ್) 4.3 ವೋಲ್ಟಿಗೆ ಇಡಿ, ಪ್ರೋಗ್ರಾಮ್ ಸಿಕ್ಕಿಕೊಂಡರೆ ಚಿಪ್ಪನ್ನು ಮತ್ತೆ ಶುರು ಮಾಡುವ ವಾಚ್‌ಡಾಗ್ ಚಾಲೂ ಮಾಡಿ. ಸಪ್ಲೈ ಅರ್ಧ ಸತ್ತಾಗ ಚಿಪ್ ತಲೆಕೆಟ್ಟಂತೆ ಆಡುವುದು ಇದರಿಂದ ತಪ್ಪುತ್ತದೆ.

ಟ್ಯಾಂಕಿನ ಸೆನ್ಸರ್ ಯಾವ ತರಹದ್ದು ಅಂತ ನೀವು ಬರೆದಿಲ್ಲ. ಆದರೆ ನಾನು ಅತಿ ಹೆಚ್ಚು ದೂರು ಕೇಳಿದ್ದು ಅದರದ್ದೇ. ನೀರಿನಲ್ಲಿ ಎರಡು ಕಡ್ಡಿ ಇಟ್ಟು ಸದಾ 5 ವೋಲ್ಟ್ ಡಿಸಿ ಕೊಟ್ಟರೆ ಒಂದು ಕಡ್ಡಿ ಕರಗುತ್ತಾ ಹೋಗುತ್ತದೆ, ಇನ್ನೊಂದಕ್ಕೆ ಪದರ ಕಟ್ಟುತ್ತದೆ. ಸ್ಟೀಲ್ ಕಡ್ಡಿ ಹಾಕಿ, ಐದು ಸೆಕೆಂಡಿಗೊಮ್ಮೆ ಕೆಲವೇ ಮಿಲಿಸೆಕೆಂಡು ಮಾತ್ರ ವೋಲ್ಟೇಜ್ ಕೊಡಿ. ಪ್ರತಿ ಸಲ ಪ್ಲಸ್, ಮೈನಸ್ ಅದಲುಬದಲು ಮಾಡಿ. ಎರಡು ಪಿನ್ನುಗಳಿಂದ ಇದು ಸುಲಭವಾಗಿ ಆಗುತ್ತದೆ. ಕಡ್ಡಿಗಳು ವರ್ಷಗಟ್ಟಲೆ ಬಾಳುತ್ತವೆ.

ಅದೇ ಸೆನ್ಸರ್ ವಯರ್ ಸಿಡಿಲಿಗೂ ದಾರಿ. ತೋಟದ ತಲೆಯಲ್ಲಿರುವ ಟ್ಯಾಂಕಿನಿಂದ ಶೆಡ್ಡಿನವರೆಗೆ ನೂರು ಮೀಟರ್ ವಯರ್ ಅಂದರೆ ಒಂದು ದೊಡ್ಡ ಆಂಟೆನಾ. ನಾನು ಮೊದಲ ಸಲ 12 ಟೈಮರ್ ಮಾಡಿ ಕೊಟ್ಟಾಗ ಮೇ ತಿಂಗಳ ಎರಡು ಸಂಜೆಗಳಲ್ಲಿ ಏಳು ಹೋದವು. ಏಳೂ ಮನೆಗೆ ಹೋಗಿ ನೋಡಿದೆ. ಮೈನ್ಸ್ (230 ವೋಲ್ಟ್) ಬದಿಗೆ ಹೆಚ್ಚಿನ ವೋಲ್ಟೇಜ್ ಹೀರುವ ವೇರಿಸ್ಟರ್ ಇತ್ತು, ಅಲ್ಲಿ ಏನೂ ಆಗಿರಲಿಲ್ಲ. ಸತ್ತದ್ದು ಉದ್ದ ವಯರ್ ಸೇರುವ ಪಿನ್ನುಗಳು. ಅಂದಿನಿಂದ ನಾನು ಸೆನ್ಸರ್ ವಯರ್ ಬರುವ ಜಾಗವನ್ನು ಬೇರೆಯೇ ಒಂದು ಪುಟ್ಟ ಬೋರ್ಡಿನಲ್ಲಿ ಮಾಡುತ್ತೇನೆ. ಅದರಲ್ಲಿ ಪ್ರತಿ ವಯರಿಗೆ ಸಿಡಿಲಿನ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಒಂದು ಗ್ಯಾಸ್ ಡಿಸ್ಚಾರ್ಜ್ ಟ್ಯೂಬ್ ಅರ್ತಿಗೆ, ಆಮೇಲೆ ಒಂದು ಕಿಲೋ ಓಂ ರೆಸಿಸ್ಟರ್, ಆಮೇಲೆ ಉಳಿದದ್ದನ್ನು ತಡೆಯುವ 5 ವೋಲ್ಟಿನ ಟಿವಿಎಸ್ ಡಯೋಡ್. ಸಿಡಿಲು ತಿಂದರೆ ಆ ಪುಟ್ಟ ಬೋರ್ಡು ತಿನ್ನಲಿ. ಸ್ಕ್ರೂ ಬಿಚ್ಚಿ ಹೊಸತು ಹಾಕಲು ಐದು ನಿಮಿಷ. ಮೈನ್ಸ್ ಬದಿಗೆ 14ಡಿ431 ಅಥವಾ ಇನ್ನೂ ದಪ್ಪದ 20ಡಿ471 ವೇರಿಸ್ಟರ್, ಫ್ಯೂಸ್ ದಾಟಿದ ಮೇಲೆ ಹಾಕಿ. ಇದಕ್ಕೆಲ್ಲ ಅರ್ತ್ ಸರಿ ಇರಬೇಕು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದಲ್ಲಿ ಬೇಸಿಗೆಗೆ ಮಣ್ಣು ಒಣಗಿ ಅರ್ತ್ ಸಿಗುವುದೇ ಕಷ್ಟ. ಪಂಪಿನ ಹತ್ತಿರ, ನೀರು ಸೋರುವ ಜಾಗದಲ್ಲಿ ಅರ್ತಿನ ಗುಂಡಿ ಮಾಡಿಸಿ. ನೇರ ಸಿಡಿಲು ಬಡಿದರೆ ಇದು ಯಾವುದೂ ಉಳಿಸುವುದಿಲ್ಲ. ಅದನ್ನು ಕೊಳ್ಳುವವರಿಗೆ ಮೊದಲೇ ಹೇಳಿ.

ಸರ್ಕ್ಯೂಟ್ ಸರಿಯಾದ ಮೇಲೆ ಡಿಸೈನ್. ಬೋರ್ಡು ಬರೆಯುವ ಕೀಕ್ಯಾಡ್ (KiCad) ಪ್ರೋಗ್ರಾಮ್ ಉಚಿತ, ನಿಮ್ಮ ಕೆಲಸಕ್ಕೆ ಧಾರಾಳ ಸಾಕು. ಮೊದಲು ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ಚಿತ್ರ) ಪೂರ್ತಿ ಬರೆಯಿರಿ. ಎಷ್ಟೋ ಸಲ ಮನೆಯ ಬೋರ್ಡಿನಲ್ಲಿ ಆಮೇಲೆ ಹಾಕಿದ ಒಂದು ಜಂಪರ್, ಹಿಂದೆ ಬೆಸೆದ ಒಂದು ರೆಸಿಸ್ಟರ್ ಇರುತ್ತದೆ, ಚಿತ್ರದಲ್ಲಿ ಇರುವುದಿಲ್ಲ. ನಿಮ್ಮ ಬೋರ್ಡನ್ನು ಕೈಯಲ್ಲಿ ಹಿಡಿದು ಒಂದೊಂದೇ ಕಾಲು ಮೀಟರಿನಲ್ಲಿ ನೋಡಿ ಹೊಂದಿಸಿ.

ಆಮೇಲೆ, ಬೋರ್ಡು ಬರೆಯುವ ಮೊದಲೇ ಬಿಡಿಭಾಗ ಕೊಳ್ಳಿ. ಇದನ್ನು ನಾನು ಕಷ್ಟಪಟ್ಟು ಕಲಿತದ್ದು. ಒಮ್ಮೆ ಬೋರ್ಡು ಮಾಡಿಸಿ, ಆಮೇಲೆ ರಿಲೇ ತಂದೆ. ಹೆಸರು ಒಂದೇ, ಬೆಲೆ ಕಮ್ಮಿ, ಒಂದು ಕಾಲು ಮಾತ್ರ 2 ಮಿ.ಮೀ. ಆಚೆ. 20 ಬೋರ್ಡು ಹಾಗೆಯೇ ಬಿದ್ದುಕೊಂಡವು. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋದರೂ, ಆನ್‌ಲೈನ್ ತರಿಸಿದರೂ, ರಿಲೇ, ಟ್ರಾನ್ಸ್‌ಫಾರ್ಮರ್, ಟರ್ಮಿನಲ್, ಫ್ಯೂಸ್ ಹೋಲ್ಡರ್ ಇವನ್ನು ಮೊದಲು ಕೈಗೆ ತಗೊಳ್ಳಿ. ಪ್ರತಿಯೊಂದೂ 28ರಂತೆ ತನ್ನಿ, 25 ಸಾಲದು. ಡಿಸೈನನ್ನು ಕಾಗದದಲ್ಲಿ ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ಮಾಡಿ, ಸ್ಕೇಲ್ ಇಟ್ಟು ನೋಡಿ, ರಟ್ಟಿಗೆ ಅಂಟಿಸಿ. ಭಾಗಗಳನ್ನು ಅದಕ್ಕೆ ಚುಚ್ಚಿ ನೋಡಿ. ಡಬ್ಬಿಯ ಒಳಗೂ ಆ ರಟ್ಟನ್ನು ಇಟ್ಟು ನೋಡಿ.

ತೂತಿನ ಅಳತೆಯಲ್ಲಿ ನಿಮ್ಮ ಹಳೆಯ ಅಭ್ಯಾಸ ಬಿಡಬೇಕು. ಮನೆಯಲ್ಲಿ 0.8ರ ಡ್ರಿಲ್ ಎಲ್ಲದಕ್ಕೂ ನಡೆಯುತ್ತಿತ್ತು, ಬಿಗಿಯಾದರೆ ಸ್ವಲ್ಪ ಅಲ್ಲಾಡಿಸಿದರೆ ಆಯಿತು. ಒಳಗೆ ತಾಮ್ರ ಇರುವ ತೂತನ್ನು ಹಾಗೆ ಅಗಲ ಮಾಡಲು ಹೋದರೆ ಆ ತಾಮ್ರವೇ ಕಿತ್ತುಬರುತ್ತದೆ. ಐಸಿ ಕಾಲಿಗೆ 0.8, 1ಎನ್4007 ಡಯೋಡಿಗೆ 1.1, ಸ್ಕ್ರೂ ಟರ್ಮಿನಲ್ಲಿಗೆ 1.3, ಮೂಲೆಯ ಸ್ಕ್ರೂಗಳಿಗೆ 3.2 ಮಿ.ಮೀ. ಇಡಿ. ರಿಲೇ ಕಾಲನ್ನು ವರ್ನಿಯರಿನಲ್ಲಿ ಅಳೆದು 0.3 ಸೇರಿಸಿ. ಸಿಗ್ನಲ್ ಟ್ರ್ಯಾಕುಗಳು 0.4 ಮಿ.ಮೀ., 5 ವೋಲ್ಟಿನದ್ದು 1 ಮಿ.ಮೀ., ಜಾಗ ಇದ್ದಲ್ಲಿ ಇನ್ನೂ ಅಗಲ. ಇನ್ನೊಂದು ಅಭ್ಯಾಸ ಕನ್ನಡಿಬಿಂಬದ್ದು. ಟೋನರ್ ಪ್ರಿಂಟಿಗೆ ತಿರುಗಿಸುವ ಲೆಕ್ಕ ಇತ್ತಲ್ವಾ? ಕಾರ್ಖಾನೆಗೆ ಕಳುಹಿಸುವ ಜರ್ಬರ್ ಫೈಲ್ ತೆಗೆಯುವಾಗ ಯಾವ ಪದರವನ್ನೂ ತಿರುಗಿಸಬಾರದು. ಕೆಳಗಿನ ಪದರದ ಅಕ್ಷರ ಪರದೆಯಲ್ಲಿ ಉಲ್ಟಾ ಕಂಡರೆ ಅದೇ ಸರಿ. ಫೈಲ್ ತೆಗೆದ ಮೇಲೆ ಕೀಕ್ಯಾಡಿನ ಜೊತೆಗೇ ಬರುವ ಜರ್ಬರ್ ನೋಡುವ ಪ್ರೋಗ್ರಾಮಿನಲ್ಲಿ ತೆರೆದು, ಡ್ರಿಲ್ ಫೈಲ್ ಪ್ಯಾಡ್‌ಗಳ ಮೇಲೆ ಸರಿಯಾಗಿ ಕೂತಿದೆಯೇ, ಸೀಳು ಬಂದಿದೆಯೇ ನೋಡಿ.

ಆರ್ಡರ್ ಕೊಡುವಾಗ 1.6 ಮಿ.ಮೀ. ದಪ್ಪದ, ಗಾಜಿನ ನಾರಿನ ಎಫ್‌ಆರ್4, ಎರಡು ಪದರ, 35 ಮೈಕ್ರಾನ್ ತಾಮ್ರ, ಎರಡೂ ಬದಿ ಮಾಸ್ಕ್ ಅಂತ ಬರೆಯಿರಿ. ಬೋರ್ಡಿನ ಮೇಲೆ ‘ವಿ1’ ಅಂತ ಆವೃತ್ತಿ, ನಂಬರ್ ಬರೆಯಲು ಒಂದು ಬಿಳಿ ಚೌಕ, ಪ್ರತಿ ಟರ್ಮಿನಲ್ಲಿಗೆ ಹೆಸರು, 230 ವೋಲ್ಟ್ ಭಾಗಕ್ಕೆ ಎಚ್ಚರಿಕೆಯ ಗುರುತು ಅಚ್ಚಾಗಲಿ. ಕೂಡಲೇ 25 ಮಾಡಿಸಬೇಡಿ. ಮೊದಲು ಐದು. ಅದರಲ್ಲಿ ಒಂದಾದರೂ ತಪ್ಪು ಸಿಗುತ್ತದೆ, ನನಗೆ ಪ್ರತಿ ಸಲವೂ ಸಿಕ್ಕಿದೆ. ತಿದ್ದಿ ‘ವಿ2’ ಮಾಡಿ, ಆಮೇಲೆ 25.

ಬೆಸುಗೆ ಹಾಕುವಾಗ ಒಂದು ಬೋರ್ಡು ಮುಗಿಸಿ ಇನ್ನೊಂದು ಹಿಡಿಯುವುದು ಬೇಡ. ಬೀಡಿ ಕಟ್ಟುವವರು ಎಲೆ ಎಲ್ಲ ಕತ್ತರಿಸಿಕೊಂಡೇ ಸುತ್ತಲು ಕೂರುತ್ತಾರೆ, ಹಾಗೆ ಮಾಡಿ. 25 ಬೋರ್ಡಿಗೂ ರೆಸಿಸ್ಟರ್, ಆಮೇಲೆ 25ಕ್ಕೂ ಡಯೋಡ್, ಹೀಗೆ ಗಿಡ್ಡದ್ದರಿಂದ ಎತ್ತರದ್ದಕ್ಕೆ. ಟ್ರಾನ್ಸ್‌ಫಾರ್ಮರ್ ಕೊನೆಗೆ. 63/37 ಸೋಲ್ಡರ್ ತಗೊಳ್ಳಿ, 183 ಡಿಗ್ರಿಗೆ ಕರಗುತ್ತದೆ, ಕೈಕೆಲಸಕ್ಕೆ ಹಿತ. ಅದರಲ್ಲಿ ಸೀಸ ಇರುತ್ತದೆ, ಕೈ ತೊಳೆಯದೆ ತಿಂಡಿ ಮುಟ್ಟಬೇಡಿ. ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಶ್ ಹಾಕಿ ಫ್ಲಕ್ಸ್ (ಸೋಲ್ಡರಿನಿಂದ ಉಳಿದ ಅಂಟು) ತೆಗೆಯಿರಿ. ಚೆನ್ನಾಗಿ ಒಣಗಿಸಿ, ಟೆಸ್ಟ್ ಮಾಡಿ, ಆಮೇಲೆ ಅಕ್ರಿಲಿಕ್ ಕೋಟಿಂಗ್ ಹೊಡೆಯಿರಿ. ಟರ್ಮಿನಲ್, ಹೆಡರ್ ಬಾಯಿಗೆ ಟೇಪ್ ಅಂಟಿಸಿರಿ. ಫ್ಲಕ್ಸ್ ಮೇಲೆಯೇ ಕೋಟಿಂಗ್ ಹಾಕಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ.

ಟೆಸ್ಟಿಗೆ ಒಂದು ಹಲಗೆ ಮಾಡಿ. ಅದರ ಮೇಲೆ ಒಂದು ಕಾಂಟ್ಯಾಕ್ಟರ್, ನೀರಿನ ಬದಲು ಸ್ವಿಚ್ಚುಗಳು, ಮತ್ತು 60 ವಾಟಿನ ಹಳೆಯ ಬಲ್ಬಿನ ಸೀರೀಸ್ ಲ್ಯಾಂಪ್. ಮೊದಲ ಸಲ ಕರೆಂಟು ಕೊಡುವುದು ಯಾವಾಗಲೂ ಆ ಬಲ್ಬಿನ ಮೂಲಕ. ಬಲ್ಬ್ ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ, ಬೋರ್ಡು ಸುಡುವುದು ತಪ್ಪುತ್ತದೆ. ಕರೆಂಟು ಕೊಡುವ ಮೊದಲೇ 230 ಬದಿಗೂ ಸೆನ್ಸರ್ ಬದಿಗೂ ನಡುವೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ ನೋಡಿ. ಮೆಗ್ಗರ್ ಇಲ್ಲದಿದ್ದರೆ ನಿಮ್ಮ ಎಲೆಕ್ಟ್ರಿಷಿಯನ್ ಗೆಳೆಯರ ಹತ್ತಿರ ಖಂಡಿತ ಇರುತ್ತದೆ. ಇದನ್ನು ಒಂದು ಬೋರ್ಡಿಗೂ ಬಿಡಬಾರದು. ಆಮೇಲೆ 200ರ ಕ್ಯಾಲಿಬ್ರೇಷನ್, ನಂತರ ಒಂದು ರಾತ್ರಿ ಪೂರ್ತಿ ಓಡಿಸಿ ಬಿಡುವುದು. ಒಂದು ನೋಟ್‌ಬುಕ್ಕಿನಲ್ಲಿ ನಂಬರ್, ದಿನಾಂಕ, ಓದು, ಯಾರ ಮನೆ ಅಂತ ಬರೆದಿಡಿ. ಮುಂದಿನ ವರ್ಷ ಒಂದು ವಾಪಸ್ ಬಂದಾಗ ಆ ಪುಸ್ತಕವೇ ನಿಮಗೆ ದಾರಿ ತೋರಿಸುತ್ತದೆ.

ಡಬ್ಬಿ ಧೂಳು, ನೀರು ಒಳಬಿಡದ ಐಪಿ65ರದ್ದು ಇರಲಿ. ವಯರ್‌ಗಳು ಕೆಳಗಿನಿಂದಲೇ ಗ್ಲ್ಯಾಂಡ್ ಮೂಲಕ ಒಳಗೆ ಬರಲಿ. ಖಾಲಿ ಉಳಿದ ತೂತನ್ನು ಮುಚ್ಚಿ, ಇರುವೆ ನುಗ್ಗಲು ಅಷ್ಟು ಜಾಗವೇ ಸಾಕು.

ಬೆಲೆ ಹೇಳುವಾಗ ಬಿಡಿಭಾಗದ ಲೆಕ್ಕದ ಜೊತೆ ನಿಮ್ಮ ದಿನಗಳನ್ನೂ ಸೇರಿಸಿ. ನೆರೆಕರೆ ಅಂತ ಸುಮ್ನೆ ಕಮ್ಮಿ ಮಾಡಿದರೆ ರಿಪೇರಿಗೆ ಹೋಗುವ ಉತ್ಸಾಹ ಉಳಿಯುವುದಿಲ್ಲ. ಮೊದಲ ಐದನ್ನು ನಡೆದು ಹೋಗುವಷ್ಟು ಹತ್ತಿರದ ತೋಟಗಳಿಗೆ ಕೊಡಿ. ಪಂಪ್ ಅಂಗಡಿಯವರಿಗೆ ಮೇ ತಿಂಗಳ ಸಿಡಿಲು ಕಳೆಯುವವರೆಗೆ ಕಾಯಲು ಹೇಳಿ. ಜರ್ಬರ್ ಫೈಲ್ ಆದ ಮೇಲೆ, ಆರ್ಡರ್ ಕೊಡುವ ಮೊದಲು ನನಗೂ ಕಳುಹಿಸಿ. ಆ 8 ಮಿ.ಮೀ. ಗಡಿಯನ್ನು ಒಮ್ಮೆ ನಾನೂ ನೋಡುತ್ತೇನೆ.